ಮ್ಯಾಂಚೆಸ್ಟರ್ ಬಿಡಿ, ಲೊವೆಲ್ ಕೇಳಿ

ಹತ್ತಿ ಮಿಲ್ಲುಗಳಿಂದಾಗಿ ದಾವಣಗೆರೆಗೆ ಅಂಟಿಕೊಂಡಿರುವ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಒಪ್ಪುತ್ತದೆಯೇ ಎಂದು ಹಿಂದಿನ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಹೋಲಿಸಲೇಬೇಕಾದರೆ ಇಂಗ್ಲೆಂಡಿನ ಆ ಮಹಾನಗರಕ್ಕಿಂತ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಲೊವೆಲ್ ಎಂಬ ಹತ್ತಿ ಮಿಲ್ಲಿನ ಸಣ್ಣ ಊರು ನಮಗೆ ಹತ್ತಿರ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆವು. ಓದುಗರು ಬಿಡಲಿಲ್ಲ. ಮಿಲ್ಲಿನಲ್ಲಿ ದುಡಿದವರು, ನೇಕಾರರು, ನಾಲೆ ನೀರಿನ ರೈತರು, ಮಕ್ಕಳನ್ನು ಅಮೆರಿಕಕ್ಕೆ ಕಳಿಸುತ್ತಿರುವ ತಂದೆತಾಯಂದಿರು ಎಲ್ಲರೂ ಬರೆದಿದ್ದಾರೆ. ಈ ಸಲದ ಅಂಕಣ ಪೂರ್ತಿ ಲೊವೆಲ್‌ನದೇ.

ಈ ಲೊವೆಲ್ ಎಲ್ಲಿದೆ? ನಮ್ಮ ದಾವಣಗೆರೆಗಿಂತ ದೊಡ್ಡದೋ ಚಿಕ್ಕದೋ?
*ಪಿಯು ವಿದ್ಯಾರ್ಥಿ, ಚಳ್ಳಕೆರೆ*

ಬಾಸ್ಟನ್ ನಗರದಿಂದ ವಾಯವ್ಯಕ್ಕೆ ಸುಮಾರು 40 ಕಿ.ಮೀ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 1,15,554 ಮಂದಿ. ದಾವಣಗೆರೆ ನಗರದಲ್ಲಿ 2011ರಲ್ಲೇ 4 ಲಕ್ಷ 30 ಸಾವಿರ ದಾಟಿತ್ತು. ಅಂದರೆ ನಮ್ಮ ಊರಿನ ಕಾಲು ಭಾಗ ಅಂದುಕೊಳ್ಳಿ. ಅಮೆರಿಕದ ಲೆಕ್ಕದಲ್ಲಿ ಅದು ಸಣ್ಣ ಊರೇ.

ನಕ್ಷೆ ತೆರೆದರೆ ಮೊದಲು ಹುಡುಕಬೇಕಾದ್ದು ನದಿಯನ್ನು. ಮೆರಿಮ್ಯಾಕ್ ನದಿ ಉತ್ತರದ ನ್ಯೂ ಹ್ಯಾಂಪ್‌ಶೈರ್ ಬೆಟ್ಟಗಳಿಂದ ನೇರ ದಕ್ಷಿಣಕ್ಕೆ ಇಳಿದು ಬಂದು, ಲೊವೆಲ್ ಹತ್ತಿರ ಇದ್ದಕ್ಕಿದ್ದಂತೆ ಈಶಾನ್ಯಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ಆ ತಿರುವಿನಲ್ಲೇ ಪಾಟಕೆಟ್ ಎಂಬ ಬಂಡೆಗಳ ಜಲಪಾತ. ಸ್ವಲ್ಪ ಕೆಳಗೆ, ಹರಿಹರದಲ್ಲಿ ತುಂಗಭದ್ರೆಗೆ ಹರಿದ್ರಾ ಸೇರುವಂತೆ, ಕಾಂಕರ್ಡ್ ಎಂಬ ಚಿಕ್ಕ ಹೊಳೆ ಬಂದು ಕೂಡುತ್ತದೆ. ಪಾಟಕೆಟ್‌ನಲ್ಲಿ ನೀರು ಧುಮುಕುವುದಿಲ್ಲ, ಬಂಡೆಗಳ ಮೇಲೆ ಸುಮಾರು 32 ಅಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಜೋಗ ನೋಡಿದವರಿಗೆ ಇದು ಜಲಪಾತ ಅನ್ನಿಸಲಿಕ್ಕಿಲ್ಲ. ಆದರೆ ಊರು ಹುಟ್ಟಿದ್ದು ಈ 32 ಅಡಿಯಿಂದಲೇ.

ತಮಾಷೆಯೆಂದರೆ ಅದೇ ನದಿಯ ದಂಡೆಯಲ್ಲಿ ಮೇಲ್ಗಡೆ ಒಂದು ಮ್ಯಾಂಚೆಸ್ಟರೂ ಇದೆ. ಅದೂ ಹತ್ತಿ ಮಿಲ್ಲಿನ ಊರೇ. ಬಿರುದು ಹುಡುಕುವ ಕಷ್ಟ ಬೇಡವೆಂದು ಊರಿಗೇ ಆ ಹೆಸರಿಟ್ಟುಬಿಟ್ಟರು.

ಲೊವೆಲ್ ಎಂಬಾತ ಊರು ಕಟ್ಟಿಸಿದನೇ? ಅದಕ್ಕೂ ಮುಂಚೆ ಅಲ್ಲಿ ಯಾರಿದ್ದರು?
*ನಿವೃತ್ತ ಶಿಕ್ಷಕರು, ಹೊಳಲ್ಕೆರೆ*

ಆತ ಆ ಊರನ್ನು ಕಾಣಲೇ ಇಲ್ಲ. ಬಾಸ್ಟನ್ನಿನ ವ್ಯಾಪಾರಿ ಫ್ರಾನ್ಸಿಸ್ ಕ್ಯಾಬಟ್ ಲೊವೆಲ್ 1810ರಿಂದ 1812ರವರೆಗೆ ಇಂಗ್ಲೆಂಡಿನಲ್ಲಿ ಓಡಾಡಿ ಅಲ್ಲಿನ ಯಂತ್ರಮಗ್ಗಗಳನ್ನು ನೋಡಿಬಂದ. ಯಂತ್ರವನ್ನಾಗಲಿ ನಕ್ಷೆಯನ್ನಾಗಲಿ ಹೊರಗೆ ಒಯ್ಯಲು ಇಂಗ್ಲೆಂಡಿನ ಕಾನೂನು ಬಿಡುತ್ತಿರಲಿಲ್ಲ. ತಲೆಯಲ್ಲಿಟ್ಟುಕೊಂಡು ತಂದದ್ದನ್ನು ಪಾಲ್ ಮೂಡಿ ಎಂಬ ಕುಶಲ ಯಂತ್ರಗಾರನ ಜೊತೆ ಕೂತು ಮರದಲ್ಲಿ, ಕಬ್ಬಿಣದಲ್ಲಿ ಇಳಿಸಿದ. 1814ರಲ್ಲಿ ಬಾಸ್ಟನ್ ಪಕ್ಕದ ವಾಲ್ತಮ್‌ನಲ್ಲಿ ಅರಳೆಯಿಂದ ಹಿಡಿದು ಬಟ್ಟೆಯವರೆಗೆ ಎಲ್ಲ ಕೆಲಸ ಒಂದೇ ಸೂರಿನಡಿ ನಡೆಯುವ ಮಿಲ್ಲು ಎದ್ದಿತು. 1817ರಲ್ಲಿ ಲೊವೆಲ್ ತೀರಿಕೊಂಡ. ವಾಲ್ತಮ್‌ನಲ್ಲಿ ನೀರಿನ ಬಲ ಸಾಲದಾದಾಗ ಅವನ ಪಾಲುದಾರರು 1821ರ ಕೊನೆಯಲ್ಲಿ ಪಾಟಕೆಟ್ ಜಲಪಾತದ ಸುತ್ತಲ ಹೊಲಗಳನ್ನು ಸದ್ದಿಲ್ಲದೆ ಕೊಳ್ಳತೊಡಗಿದರು. ಮಿಲ್ಲಿನ ಮಾತು ರೈತರ ಕಿವಿಗೆ ಬಿದ್ದಿದ್ದರೆ ದರ ಎಲ್ಲಿ ನಿಲ್ಲುತ್ತಿತ್ತೋ! 1823ರಲ್ಲಿ ಮೊದಲ ಬಟ್ಟೆ ಹೊರಬಂತು. 1826ರಲ್ಲಿ ಪಟ್ಟಣ, 1836ರಲ್ಲಿ ನಗರ; ತೀರಿಹೋದ ಯಜಮಾನನ ಹೆಸರು ಊರಿಗಾಯಿತು.

ರೈತರಿಗೂ ಮುಂಚೆ ಅದು ಪೆನಕುಕ್ ಎಂಬ ಮೂಲನಿವಾಸಿ ಜನರ ನೆಲ. ಜಲಪಾತ ಹತ್ತಿ ಬರುವ ಸಾಲ್ಮನ್ ಮೀನಿಗಾಗಿ ವಸಂತದಲ್ಲಿ ಅಲ್ಲಿ ದೊಡ್ಡ ಗುಂಪುಗಳು ಸೇರುತ್ತಿದ್ದವು. 1653ರಲ್ಲಿ ಅವರಿಗೆಂದು ವಾಮೆಸಿಟ್ ಎಂಬ ಕ್ರೈಸ್ತ ಹಳ್ಳಿಯನ್ನು ಬಿಟ್ಟುಕೊಟ್ಟಿದ್ದರು. 1675ರಲ್ಲಿ ಮೂಲನಿವಾಸಿಗಳಿಗೂ ಇಂಗ್ಲಿಷ್ ವಸಾಹತುಗಾರರಿಗೂ ಯುದ್ಧ ಶುರುವಾದ ಮೇಲೆ ವಸಾಹತುಗಾರರ ಅನುಮಾನಕ್ಕೆ, ದಾಳಿಗೆ ಸಿಕ್ಕಿ ಹೆಚ್ಚಿನವರು ಉತ್ತರಕ್ಕೆ ಹೋದರು. ಆಮೇಲೆ ಕಟ್ಟಿದ ಒಡ್ಡುಗಳು ಮೀನಿನ ದಾರಿಯನ್ನೂ ಮುಚ್ಚಿದವು.

ನಮ್ಮ ಮಿಲ್ಲಿನಲ್ಲಿ ಕರೆಂಟು ಹೋದರೆ ಎಲ್ಲ ನಿಂತಂತೆ. ಕರೆಂಟೇ ಇಲ್ಲದ ಕಾಲದಲ್ಲಿ ನಾಲೆಯ ನೀರು ನಾಲ್ಕನೇ ಮಹಡಿಯ ಮಗ್ಗವನ್ನು ಹೇಗೆ ಓಡಿಸುತ್ತಿತ್ತು?
*ನಿವೃತ್ತ ಜಾಬರ್, ದಾವಣಗೆರೆ*

ನೀರು ಮೇಲೆ ಹತ್ತುತ್ತಿರಲಿಲ್ಲ, ತಿರುಗುವ ಬಲ ಮಾತ್ರ ಹತ್ತುತ್ತಿತ್ತು. ಜಲಪಾತದ ನೆತ್ತಿಯಲ್ಲಿ ಅಡ್ಡಕಟ್ಟೆ ಹಾಕಿ ನೀರನ್ನು ನಾಲೆಗೆ ತಿರುಗಿಸಿದರು. ನದಿ ಬಳಸಿಕೊಂಡು ಹೋಗುತ್ತದೆ, ನಾಲೆ ಆ ತಿರುವನ್ನು ಅಡ್ಡ ಕತ್ತರಿಸಿ ಬರುತ್ತದೆ. ಹಾಗಾಗಿ ನದಿ ಕೆಳಗಿಳಿದರೂ ನಾಲೆಯ ನೀರು ಎತ್ತರದಲ್ಲೇ ಉಳಿಯಿತು. ಈ ವ್ಯತ್ಯಾಸ 30 ಅಡಿ. ಊರಿನ ಮೊದಲ ಮಿಲ್ಲಾದ ಮೆರಿಮ್ಯಾಕ್ ಕಂಪನಿ 30 ಅಡಿಯನ್ನೂ ಒಂದೇ ಏಟಿಗೆ ಬಳಸಿಕೊಂಡಿತು. ಉಳಿದ ಹೆಚ್ಚಿನ ಮಿಲ್ಲುಗಳಿಗೆ ಎರಡು ಹಂತ: ಮೇಲ್ನಾಲೆಯಿಂದ ಕೆಳನಾಲೆಗೆ 13 ಅಡಿ, ಕೆಳನಾಲೆಯಿಂದ ನದಿಗೆ 17 ಅಡಿ. ಮೇಲಿನ ಮಿಲ್ಲು ಬಳಸಿ ಬಿಟ್ಟ ನೀರನ್ನೇ ಕೆಳಗಿನ ಮಿಲ್ಲು ಮತ್ತೆ ಬಳಸುತ್ತಿತ್ತು. ನಾಲೆಗಳ ಒಟ್ಟು ಉದ್ದ 5.6 ಮೈಲಿ, ಅಂದರೆ 9 ಕಿ.ಮೀ.

ಮಿಲ್ಲಿನ ನೆಲಮಾಳಿಗೆಯಲ್ಲಿ ದೊಡ್ಡ ಮರದ ಚಕ್ರ. ಅದರ ಬಲವನ್ನು ಮೇಲಕ್ಕೆ ಒಯ್ಯಲು ಮೊದಲು ಕಬ್ಬಿಣದ ಹಲ್ಲುಗಾಲಿಗಳಿದ್ದವು. ಸದ್ದು ವಿಪರೀತ, ಹಲ್ಲು ಮುರಿದರೆ ಇಡೀ ಮಿಲ್ಲು ನಿಲ್ಲುತ್ತಿತ್ತು. 1828ರಲ್ಲಿ ಪಾಲ್ ಮೂಡಿ ಹಲ್ಲುಗಾಲಿ ತೆಗೆದು ಅಗಲವಾದ ಚರ್ಮದ ಬೆಲ್ಟು ಹಾಕಿದ. ಬೆಲ್ಟು ಒಂದೊಂದು ಮಹಡಿಯ ಸೂರಿನಡಿ ಮಲಗಿರುವ ಉದ್ದನೆಯ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟಿನ ಪುಲ್ಲಿಯಿಂದ ಒಂದೊಂದು ಯಂತ್ರಕ್ಕೆ ಚಿಕ್ಕ ಬೆಲ್ಟು. ಅರಳೆ ಹಿಂಜುವ ಭಾರದ ಕಾರ್ಡಿಂಗ್ ಯಂತ್ರಗಳು ಕೆಳಗೆ, ಅದರ ಮೇಲೆ ನೂಲು, ಅದರ ಮೇಲೆ ಮಗ್ಗ. ಬಲ ಬರುವುದು ನೆಲಮಾಳಿಗೆಯ ಒಂದು ಮೂಲೆಯಿಂದಾದ್ದರಿಂದ ಮಿಲ್ಲನ್ನು ಅಡ್ಡಡ್ಡ ಹರಡುವ ಬದಲು ಮೇಲೆ ಮೇಲೆ ಪೇರಿಸಿದರು. ಲೊವೆಲ್‌ನ ಮಿಲ್ಲುಗಳು ಐದಾರು ಅಂತಸ್ತು ಎದ್ದು ನಿಂತಿರುವುದು ಅದಕ್ಕೇ.

ಇನ್ನು ಕೆಡುತ್ತಿದ್ದದ್ದೇನು ಅನ್ನುವುದು. ಬರಗಾಲಕ್ಕಿಂತ ಪ್ರವಾಹವೇ ಚಕ್ರಕ್ಕೆ ಶತ್ರು. ನದಿ ಏರಿದರೆ ಚಕ್ರದಡಿಯಿಂದ ಹೊರಹೋಗಬೇಕಾದ ನೀರು ಹೋಗಲು ಜಾಗವಿಲ್ಲದೆ ಅಲ್ಲೇ ನಿಲ್ಲುತ್ತದೆ. ಹಿನ್ನೀರಿನಲ್ಲಿ ಅರ್ಧ ಮುಳುಗಿದ ಚಕ್ರ ಕೆಸರಲ್ಲಿ ಸಿಕ್ಕ ಗಾಡಿಯಂತೆ ತೆವಳುತ್ತದೆ. ಇದಕ್ಕೆ ಮದ್ದು ಟರ್ಬೈನು. ಅದು ಪೂರ್ತಿ ಮುಳುಗಿದ್ದರೂ ತಿರುಗುತ್ತದೆ. ಯೂರಾಯ ಬಾಯ್ಡನ್ ಎಂಬ ಎಂಜಿನಿಯರ್ 1844ರಲ್ಲಿ ಲೊವೆಲ್‌ನ ಆಪಲ್‌ಟನ್ ಮಿಲ್ಲಿಗೆ ಟರ್ಬೈನು ಮಾಡಿಕೊಟ್ಟ. 1846ರದ್ದು ನೀರಿನ ಬಲದ ಶೇ. 88ರಷ್ಟನ್ನು ಕೈಗಿತ್ತಿತು. ಆಮೇಲೆ ನಾಲೆಗಳ ಮುಖ್ಯ ಎಂಜಿನಿಯರ್ ಜೇಮ್ಸ್ ಫ್ರಾನ್ಸಿಸ್ ನೀರು ಹೊರಸುತ್ತಿನಿಂದ ಒಳಕ್ಕೆ ಹರಿಯುವ ಬಗೆಯನ್ನು ತಿದ್ದಿ ತೀಡಿದ. ಜಗತ್ತಿನ ಜಲವಿದ್ಯುತ್ ಕೇಂದ್ರಗಳಲ್ಲಿ ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಫ್ರಾನ್ಸಿಸ್ ಟರ್ಬೈನಿನ ಹೆಸರು ಬಂದದ್ದು ಆತನಿಂದ. ಶರಾವತಿಯಂಥ ಬಲು ಎತ್ತರದ ಬೀಳಿಗೆ ಪೆಲ್ಟನ್ ಚಕ್ರ ಬೇಕು, ಮಧ್ಯಮ ಎತ್ತರಕ್ಕೆ ಫ್ರಾನ್ಸಿಸ್.

ಅದೇ ಫ್ರಾನ್ಸಿಸ್ 1850ರಲ್ಲಿ ಪಾಟಕೆಟ್ ನಾಲೆಯ ಮೇಲೆ 27 ಅಡಿ ಅಗಲ, 25 ಅಡಿ ಎತ್ತರದ ಮರದ ಗೇಟೊಂದನ್ನು ಕಬ್ಬಿಣದ ಪಟ್ಟಿಯಿಂದ ನೇತುಹಾಕಿಸಿದ. ಅಷ್ಟು ದೊಡ್ಡ ಪ್ರವಾಹ ಎಲ್ಲಿ ಬರುತ್ತದೆ ಎಂದು ಊರು ನಕ್ಕಿತು, ‘ಫ್ರಾನ್ಸಿಸ್‌ನ ಹುಚ್ಚು’ ಎಂದಿತು. ಎರಡೇ ವರ್ಷಕ್ಕೆ, 1852ರ ಏಪ್ರಿಲ್‌ನಲ್ಲಿ ಹೊಳೆ ಉಕ್ಕಿತು. ಬೆಳಗಿನ ಜಾವ ಉಳಿಯಿಂದ ಪಟ್ಟಿ ಕಡಿದರು, ಗೇಟು ದಢಾರನೆ ಬಿತ್ತು, ಊರು ಉಳಿಯಿತು. 1936ರ ಮಾರ್ಚಿನ ಮಹಾಪೂರದಲ್ಲೂ ಅದೇ ಗೇಟು ಇಳಿಸಿದರು. 2006ರಲ್ಲಿ ಮುದಿ ಗೇಟಿಗೆ ತೊಂದರೆ ಕೊಡದೆ ಅದರ ಪಕ್ಕದಲ್ಲಿ ಉಕ್ಕಿನ ತೊಲೆ ಇಳಿಸಿ ನೀರು ತಡೆದರು.

ಭದ್ರಾ ನಾಲೆಯಲ್ಲಿ ಮೇಲಿನವರು ನೀರು ಎಳೆದುಕೊಂಡರೆ ಕೊನೆ ಭಾಗದ ನಮಗೆ ಬರುವುದು ಪಾಚಿ ಮಾತ್ರ. ಅಷ್ಟು ಮಿಲ್ಲುಗಳಿಗೆ ಜಗಳವಿಲ್ಲದೆ ನೀರು ಹಂಚಿದ್ದು ಹೇಗೆ?
*ರೈತರು, ಹರಿಹರ ತಾಲ್ಲೂಕು*

ಜಗಳ ಇತ್ತು, ಅಳತೆಯೂ ಇತ್ತು. ನಾಲೆಯ ಒಡೆತನ ಒಂದು ಪ್ರತ್ಯೇಕ ಕಂಪನಿಯದು, ಮಿಲ್ಲುಗಳು ಅದರಿಂದ ನೀರನ್ನು ಬಾಡಿಗೆಗೆ ಪಡೆಯುತ್ತಿದ್ದವು. ಲೆಕ್ಕದ ಮೂಲಮಾನದ ಹೆಸರು ‘ಮಿಲ್ ಪವರ್’. ವಾಲ್ತಮ್‌ನ ಎರಡನೇ ಮಿಲ್ಲಿನಲ್ಲಿ 3,584 ಕದಿರುಗಳು, ಅವಕ್ಕೆ ತಕ್ಕ ಮಗ್ಗಗಳು ಓಡಲು ಎಷ್ಟು ನೀರು ಬೇಕಿತ್ತೋ ಅಷ್ಟು. 30 ಅಡಿ ಬೀಳಿನಲ್ಲಿ ಅದು 25 ಕ್ಯೂಸೆಕ್. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಲೆಕ್ಕ ಹಾಕಿದರೆ ಸುಮಾರು 85 ಅಶ್ವಶಕ್ತಿ. ಚಕ್ರದಲ್ಲಿ, ಬೆಲ್ಟಿನಲ್ಲಿ ಸೋರಿ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ.

ಒಪ್ಪಂದಕ್ಕಿಂತ ಹೆಚ್ಚು ಎಳೆದವರನ್ನು ಹಿಡಿಯಲು ಫ್ರಾನ್ಸಿಸ್ ಮಾಡಿದ ಉಪಾಯ ಸರಳ. ಮಿಲ್ಲಿಗೆ ನೀರು ಹೋಗುವ ನಾಲೆಯ ಒಂದು ಭಾಗಕ್ಕೆ ಹಲಗೆ ಹೊದಿಸಿ ಚೌಕಾಕಾರ ಮಾಡಿಸಿದ. ಎರಡಂಗುಲ ದಪ್ಪದ ತಗಡಿನ ಕೊಳವೆಗಳ ಬುಡಕ್ಕೆ ಸೀಸ ತುಂಬಿ, ನೆಟ್ಟಗೆ ನಿಂತು ತೇಲುವಂತೆ, ಬುಡ ತಳಕ್ಕೆ ಇನ್ನೇನು ತಾಗುತ್ತದೆ ಅನ್ನುವಷ್ಟು ಉದ್ದ ಇರಿಸಿದ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಕೊಳವೆ ಬರಲು ಹಿಡಿದ ಸೆಕೆಂಡು ಎಣಿಸಿ, ನಾಲೆಯ ಅಗಲದುದ್ದಕ್ಕೂ ಒಂದೊಂದು ಕಡೆ ಮತ್ತೆ ಮತ್ತೆ ಬಿಟ್ಟು ಸರಾಸರಿ ತೆಗೆದ. ಬರೀ ಮೇಲೆ ತೇಲುವ ಬೆಂಡು ಬಿಟ್ಟರೆ ಅಳತೆ ತಪ್ಪುತ್ತದೆ. ಮೇಲಿನ ನೀರು ಓಡುತ್ತದೆ, ತಳದ ನೀರು ಉಜ್ಜಿಕೊಂಡು ನಿಧಾನ ಹೋಗುತ್ತದೆ. ಉದ್ದನೆಯ ಕೊಳವೆ ಎರಡರ ನಡುವಿನ ವೇಗವನ್ನು ಹಿಡಿಯುತ್ತದೆ.

ನಿಮ್ಮ ನಾಲೆಯಲ್ಲೂ ಇದನ್ನು ಅಂದಾಜಿಗೆ ಮಾಡಬಹುದು. ಲೈನಿಂಗ್ ಆಗಿರುವ, ಗಿಡಗಂಟೆ ಇಲ್ಲದ ನೆಟ್ಟನೆಯ 30 ಮೀಟರ್ ಆರಿಸಿ ಎರಡೂ ತುದಿಗೆ ಹಗ್ಗ ಕಟ್ಟಿ. ಅರ್ಧ ನೀರು ತುಂಬಿದ ಬಾಟಲಿ ಅಥವಾ ನಿಂಬೆಹಣ್ಣನ್ನು ಮೇಲಿನ ಹಗ್ಗಕ್ಕಿಂತ ನಾಲ್ಕಾರು ಮೀಟರ್ ಹಿಂದೆಯೇ ಬಿಡಿ. ಹಗ್ಗದ ಹತ್ತಿರವೇ ಬಿಟ್ಟರೆ ಅದಿನ್ನೂ ನೀರಿನ ವೇಗಕ್ಕೆ ಬಂದಿರುವುದಿಲ್ಲ. ಮಧ್ಯದಲ್ಲಿ, ಎಡದಲ್ಲಿ, ಬಲದಲ್ಲಿ ಮೂರು ಮೂರು ಸಲ ಬಿಟ್ಟು ಸರಾಸರಿ ತೆಗೆಯಿರಿ. 40 ಸೆಕೆಂಡು ಬಂತೆನ್ನಿ: 30 ಭಾಗಿಸು 40, ಅಂದರೆ ಸೆಕೆಂಡಿಗೆ 0.75 ಮೀಟರ್. ತಳದ ನಿಧಾನಕ್ಕಾಗಿ 0.85ರಿಂದ ಗುಣಿಸಿದರೆ 0.64. ನೀರಿನ ಅಗಲ 3 ಮೀಟರ್, ಆಳ 1 ಮೀಟರ್ ಇದ್ದರೆ ಸೆಕೆಂಡಿಗೆ 1.9 ಘನ ಮೀಟರ್. ಅದನ್ನು 35.3ರಿಂದ ಗುಣಿಸಿ, 67 ಕ್ಯೂಸೆಕ್. ನಾಲೆ ಇಳಿಜಾರು ಬದಿಯದಾದರೆ ಮೇಲಿನ ಅಗಲ, ತಳದ ಅಗಲ ಎರಡನ್ನೂ ಕೂಡಿಸಿ ಅರ್ಧ ಮಾಡಿ. ಗಾಳಿ ಬೀಸುವ ಹೊತ್ತಿನಲ್ಲಿ ಅಳೆಯಬೇಡಿ. ನೀರುಗಂಟಿಯ ಎದುರೇ ಅಳೆದರೆ ವಾದ ಮಾಡಲು ಇನ್ನೂ ಚೆನ್ನ.

ಜಗಳದ ಮಾತು: ಬೇಸಿಗೆಗೆ ನೀರು ಸಾಲದೆಂದು ಮಿಲ್ಲು ಮಾಲೀಕರು 1840ರ ದಶಕದಲ್ಲಿ ಮೇಲ್ಗಡೆ ನ್ಯೂ ಹ್ಯಾಂಪ್‌ಶೈರ್‌ನ ದೊಡ್ಡ ಸರೋವರಗಳ ತೂಬುಗಳನ್ನೇ ಕೊಂಡುಕೊಂಡರು. ಬೇಕೆಂದಾಗ ಬಿಡುವುದು, ಬೇಡವೆಂದಾಗ ಕಟ್ಟುವುದು. ಒಮ್ಮೆ ಹೊಲ ಮುಳುಗುತ್ತಿತ್ತು, ಒಮ್ಮೆ ಅಲ್ಲಿನವರ ಸಣ್ಣ ಮಿಲ್ಲುಗಳಿಗೇ ನೀರಿಲ್ಲ. 1859ರಲ್ಲಿ ಅಲ್ಲಿಯ ಜನ ಕೊಡಲಿ, ಹಾರೆ ಹಿಡಿದು ಒಂದು ಒಡ್ಡಿನ ಮೇಲೇ ಬಿದ್ದರು. ಊರು ಬೇರೆ, ಖಂಡ ಬೇರೆ. ನಾಲೆಯ ಜಗಳ ಅದೇ.

ಲೊವೆಲ್‌ನಲ್ಲಿ ಮಗ್ಗ ನಡೆಸಿದ್ದು ಹೆಣ್ಣುಮಕ್ಕಳೇ ಅಂತ ಓದಿದೆ. ಒಬ್ಬೊಬ್ಬರಿಗೆ ಎಷ್ಟು ಮಗ್ಗ? ಹೇಗೆ ಇಟ್ಟುಕೊಂಡಿದ್ದರು?
*ನೇಕಾರ ಮನೆತನದ ಮಹಿಳೆ, ಮೊಳಕಾಲ್ಮೂರು*

ಶುರುವಿನ ದಶಕಗಳಲ್ಲಿ ಕೆಲಸಗಾರರಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಹೆಚ್ಚಿನವರು 15ರಿಂದ 30ರ ವಯಸ್ಸಿನ, ಸುತ್ತಲ ರಾಜ್ಯಗಳ ರೈತ ಮನೆಗಳ ಮದುವೆಯಾಗದ ಹುಡುಗಿಯರು. ಮನೆಯವರು ಒಪ್ಪಬೇಕಲ್ಲ, ಅದಕ್ಕೆ ಕಂಪನಿಯೇ ಬೋರ್ಡಿಂಗ್ ಮನೆ ಕಟ್ಟಿಸಿತು. ನೋಡಿಕೊಳ್ಳಲು ಒಬ್ಬ ಹಿರಿಯ ಹೆಂಗಸು, ರಾತ್ರಿ 10ಕ್ಕೆ ಬಾಗಿಲು ಬಂದ್, ಭಾನುವಾರ ಚರ್ಚು ಕಡ್ಡಾಯ. ವಾರಕ್ಕೆ ಸುಮಾರು 73 ಗಂಟೆ ದುಡಿಮೆ. ಬೇಸಿಗೆಯಲ್ಲಿ ಬೆಳಗಿನ 5ಕ್ಕೆ ಮುಂಚೆಯೇ ಗಂಟೆ. ಒಪ್ಪಂದದ ವರ್ಷ ಮುಗಿಸದೆ ಬಿಟ್ಟುಹೋದವರಿಗೆ, ಜಗಳವಾಡಿ ಹೋದವರಿಗೆ ಬೇರೆ ಮಿಲ್ಲಿನಲ್ಲೂ ಕೆಲಸ ಸಿಗದಂತೆ ಹೆಸರುಗಳ ಪಟ್ಟಿ ಓಡಾಡುತ್ತಿತ್ತು.

ಮೊದಲಿಗೆ ಒಬ್ಬಳಿಗೆ ಎರಡು ಮಗ್ಗ. ಆಮೇಲೆ ಮೂರು, ನಾಲ್ಕು. ಜೊತೆಗೆ ಮಗ್ಗದ ವೇಗವನ್ನೂ ಏರಿಸಿದರು, ಒಂದು ಗಜಕ್ಕೆ ಕೊಡುವ ಕೂಲಿಯನ್ನು ಮಾತ್ರ ಇಳಿಸಿದರು. ಅವಳ ಕೆಲಸ ನಿಮಗೆ ಗೊತ್ತಿರುವುದೇ: ಹಾಸಿನ ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುವುದು, ಲಾಳಿಯೊಳಗಿನ ಕಂಡಿಕೆ, ಅಂದರೆ ನೂಲು ಸುತ್ತಿದ ಪುಟ್ಟ ಕೊಳವೆ, ಬರಿದಾಗುವ ಮುಂಚೆ ಹೊಸದು ಇಡುವುದು. ಎಳೆ ಕಡಿದದ್ದು ಕಾಣದೆ ಮಗ್ಗ ಓಡಿದರೆ ಬಟ್ಟೆಯಲ್ಲಿ ಗೀರು ಬೀಳುತ್ತದೆ, ಕೂಲಿಯಲ್ಲಿ ಕಡಿತ.

ಕೇಡು ಇದ್ದದ್ದು ಲಾಳಿಯ ಪುಟ್ಟ ಕಣ್ಣಿನಲ್ಲಿ. ಹೊಸ ಕಂಡಿಕೆಯ ಎಳೆಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ಬೆರಳಿಗೆ ಸಿಗದು, ಕೊಕ್ಕೆ ಹಾಕಲು ಹೊತ್ತಿಲ್ಲ. ಲಾಳಿಗೆ ಬಾಯಿಟ್ಟು ಒಮ್ಮೆ ಉಸಿರು ಎಳೆದರೆ ಎಳೆ ಪಟ್ಟನೆ ಬಾಯಿಗೆ ಬರುತ್ತಿತ್ತು, ಜೊತೆಗೆ ಅರಳೆಯ ಧೂಳು, ಹಿಂದಿನವಳ ಎಂಜಲು. ಒಂದೇ ಲಾಳಿ ಹಲವರ ಬಾಯಿಗೆ ಹೋಗುತ್ತಿದ್ದುದರಿಂದ ಕ್ಷಯ ಸುಲಭವಾಗಿ ದಾಟುತ್ತಿತ್ತು. ‘ಸಾವಿನ ಮುತ್ತು’ ಎಂದೇ ಅದಕ್ಕೆ ಹೆಸರು. ಬಾಯಲ್ಲಿ ಎಳೆಯುವ ಲಾಳಿಯನ್ನು ಮೆಸಾಚುಸೆಟ್ಸ್ ನಿಷೇಧಿಸಿದ್ದು 1911ರಲ್ಲಿ. ಕಿಟಕಿಗಳನ್ನು ಬೇಸಿಗೆಯಲ್ಲೂ ಮೊಳೆ ಹೊಡೆದು ಮುಚ್ಚಿರುತ್ತಿದ್ದರು. ಒಣಗಾಳಿ ನುಗ್ಗಿದರೆ ನೂಲು ಬಿರುಸಾಗಿ ಪಟಪಟ ಕಡಿಯುತ್ತದೆ. ಬಯಲುಸೀಮೆಯ ಮಾರ್ಚ್ ಗಾಳಿಯಲ್ಲಿ ನೇಯ್ದವರಿಗೆ ಇದನ್ನು ವಿವರಿಸಬೇಕೇ?

ಹುಡುಗಿಯರು ಸುಮ್ಮನಿರಲಿಲ್ಲ. 1834ರಲ್ಲಿ ಕೂಲಿ ಕಡಿತದ ವಿರುದ್ಧ ಸುಮಾರು 800 ಮಂದಿ ಮಗ್ಗ ಬಿಟ್ಟು ಹೊರಬಂದರು, ಸೋತರು. 1836ರಲ್ಲಿ ಊಟ-ವಸತಿಯ ದರ ಏರಿಸಿದಾಗ ಸುಮಾರು 1,500 ಮಂದಿ. ಈ ಸಲ ಹಲವು ಕಂಪನಿಗಳು ಹಿಂದೆ ಸರಿದವು. 1840ರಿಂದ 1845ರವರೆಗೆ ಅವರದೇ ಬರಹಗಳ ಮಾಸಿಕವೊಂದು ನಡೆಯಿತು. ಅದರಲ್ಲಿ ಮಾಲೀಕರನ್ನು ನೋಯಿಸುವ ಮಾತು ಅಪರೂಪ, ಆ ಕಾರಣಕ್ಕೇ ಸಾರಾ ಬ್ಯಾಗ್ಲಿ ಎಂಬ ನೇಕಾರ್ತಿ ಅದನ್ನು ಕಟುವಾಗಿ ಟೀಕಿಸಿ ಬೇರೆ ದಾರಿ ಹಿಡಿದಳು. 1844ರ ಕೊನೆಗೆ ಆಕೆ ಮುಂದೆ ನಿಂತು ಹೆಣ್ಣು ಕಾರ್ಮಿಕರ ಸಂಘ ಕಟ್ಟಿದಳು. ದಿನಕ್ಕೆ ಹತ್ತೇ ಗಂಟೆ ಕೆಲಸ ಅನ್ನುವುದು ಬೇಡಿಕೆ. 1845ರಲ್ಲಿ ಶಾಸನಸಭೆಯ ಸಮಿತಿ ಅವರ ಮಾತು ಕೇಳಿ, ಇದು ನಮ್ಮ ಕೈಯಲ್ಲಿಲ್ಲ ಎಂದು ಕಳಿಸಿತು. ಹೆಂಗಸರ, ಮಕ್ಕಳ ದುಡಿಮೆಗೆ ಹತ್ತು ಗಂಟೆಯ ಮಿತಿ ಆ ರಾಜ್ಯದಲ್ಲಿ ಕಾನೂನಾದದ್ದು 1874ರಲ್ಲಿ.

ಅಷ್ಟು ಚಳಿಯ ಊರಿನಲ್ಲಿ ಹತ್ತಿ ಬೆಳೆಯುತ್ತದೆಯೇ?
*ಅಡತಿ ಅಂಗಡಿಯವರು, ದಾವಣಗೆರೆ*

ಒಂದು ಗಿಡವೂ ಇಲ್ಲ. ಅರಳೆ ಪೂರ್ತಿ ದಕ್ಷಿಣದ ರಾಜ್ಯಗಳ ತೋಟಗಳಿಂದ, ಅಂದರೆ ಗುಲಾಮರ ಕೈಯಿಂದ ಬರುತ್ತಿತ್ತು. ಅದರಿಂದ ನೇಯ್ದ ಒರಟು ಬಟ್ಟೆಯಲ್ಲಿ ಒಂದು ಪಾಲು ಅದೇ ಗುಲಾಮರಿಗೆ ಉಡಿಸಲು ತಿರುಗಿ ದಕ್ಷಿಣಕ್ಕೇ ಹೋಗುತ್ತಿತ್ತು. ಆ ಬಟ್ಟೆಗೆ ಅಲ್ಲಿ ‘ಲೊವೆಲ್’ ಎಂದೇ ಹೆಸರು. ಕೂಲಿ ಹುಡುಗಿಯರ ಸ್ವಾಭಿಮಾನದ ಕಥೆ ಹೇಳುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ.

1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಅದರಲ್ಲಿ ಮೊದಲು ಸತ್ತ ಸೈನಿಕರಲ್ಲಿ ಲೂಥರ್ ಲ್ಯಾಡ್, ಅಡಿಸನ್ ವಿಟ್ನಿ ಇಬ್ಬರೂ ಲೊವೆಲ್‌ನಿಂದ ಹೋದವರು, ಲ್ಯಾಡ್‌ಗೆ ಬರೀ 17. ಅರಳೆ ಬರುವುದು ನಿಂತಿತು, ಬೆಲೆ ಚಿಗಿಯಿತು. ಲೊವೆಲ್‌ನ ಹೆಚ್ಚಿನ ಕಂಪನಿಗಳು ದಾಸ್ತಾನನ್ನು ನೂಲುವ ಬದಲು ಮಾರಿ ಲಾಭ ಮಾಡಿಕೊಂಡು ಕೆಲಸಗಾರರನ್ನು ಮನೆಗೆ ಕಳಿಸಿದವು. ಯುದ್ಧ ಮುಗಿದಾಗ ಯಂತ್ರ ತುಕ್ಕು ಹಿಡಿದಿತ್ತು, ಕೈ ಪಳಗಿದವರು ಚದುರಿದ್ದರು. ಅತ್ತ ಇಂಗ್ಲೆಂಡಿನ ಮಿಲ್ಲುಗಳು ಭಾರತದ ಅರಳೆಗೆ ಮುಗಿಬಿದ್ದವು. ನಮ್ಮ ಧಾರವಾಡ ಸೀಮೆಯಲ್ಲಿ ಆಗಲೇ ಬೇರೂರಿದ್ದ ಅಮೆರಿಕನ್ ತಳಿಯ ಹತ್ತಿಗೆ ಬಂಗಾರದ ಬೆಲೆ ಬಂದದ್ದು ಆ ನಾಲ್ಕೈದು ವರ್ಷ. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಅಡತಿಯವರಿಗೆ ಹೊಸ ಸುದ್ದಿಯೇನಲ್ಲ.

ಈಗ ಅಲ್ಲಿ ಯಾರಿದ್ದಾರೆ?
*ಗೃಹಿಣಿ, ನಿಟುವಳ್ಳಿ, ದಾವಣಗೆರೆ*

ಹೊಟ್ಟೆಪಾಡಿಗೆ ಬಂದವರು, ಪದರದ ಮೇಲೆ ಪದರ. 1822ರ ಏಪ್ರಿಲ್‌ನಲ್ಲಿ ಹ್ಯೂ ಕಮಿಸ್ಕಿ ಎಂಬ ಮೇಸ್ತ್ರಿ 30 ಐರಿಷ್ ಕೂಲಿಗಳೊಂದಿಗೆ ಬಾಸ್ಟನ್ ಪಕ್ಕದಿಂದ ನಡೆದೇ ಬಂದ, ನಾಲೆ ತೋಡಲು. ಕೂಲಿಗೆ ಮನೆ ಕೊಡದ ಕಂಪನಿ, ಜಾಗ ಮಾತ್ರ ಬಿಟ್ಟಿತು. ಅವರು ಗುಡಿಸಲು ಹಾಕಿದ ಬಡಾವಣೆಗೆ ‘ಏಕರ್’ ಎಂದು ಹೆಸರು. ಅಂತರ್ಯುದ್ಧದ ಬಳಿಕ ಕೆನಡಾದ ಫ್ರೆಂಚ್ ಮಾತಿನವರು, ಆಮೇಲೆ ಗ್ರೀಕರು, ಪೋಲೆಂಡಿನವರು, ಪೋರ್ಚುಗೀಸರು. 1922ರಲ್ಲಿ ಅಲ್ಲಿ ಹುಟ್ಟಿದ ಸಾಹಿತಿ ಜ್ಯಾಕ್ ಕೆರೊವಾಕ್ ಮನೆಯಲ್ಲಿ ಆಡುತ್ತಿದ್ದುದು ಫ್ರೆಂಚ್, ಇಂಗ್ಲಿಷ್ ಬಂದದ್ದು ಶಾಲೆಗೆ ಹೋದ ಮೇಲೆ.

ಈಚಿನ ದೊಡ್ಡ ಪದರ ಕಾಂಬೋಡಿಯಾದ್ದು. 1979ರಲ್ಲಿ ಖ್ಮೇರ್ ರೂಜ್ ಎಂಬ ಅಲ್ಲಿನ ಕಮ್ಯುನಿಸ್ಟರ ಆಡಳಿತ ಬಿದ್ದ ಮೇಲೆ ಥಾಯ್ಲೆಂಡಿನ ಶಿಬಿರಗಳಿಂದ ನಿರಾಶ್ರಿತರು ಬಂದರು. ಆಗ ಲೊವೆಲ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಇಂಗ್ಲಿಷ್ ಬಾರದಿದ್ದರೂ ಸಿಗುವ ಜೋಡಣೆ ಕೆಲಸವಿತ್ತು. ಬೌದ್ಧ ವಿಹಾರ ಎದ್ದ ಮೇಲೆ ಬೇರೆ ರಾಜ್ಯಗಳಲ್ಲಿ ನೆಲೆಸಿದ್ದವರೂ ಇತ್ತ ಬಂದರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಿಟ್ಟರೆ ಅಮೆರಿಕದಲ್ಲಿ ಕಾಂಬೋಡಿಯನ್ನರು ಅತಿ ಹೆಚ್ಚಿರುವುದು ಇಲ್ಲೇ. 2022ರ ಜನವರಿಯಲ್ಲಿ ಸೊಖಾರಿ ಚೌ ಲೊವೆಲ್‌ನ ಮೇಯರ್ ಆದರು, ಇಡೀ ಅಮೆರಿಕದಲ್ಲೇ ಕಾಂಬೋಡಿಯನ್ ಮೂಲದ ಮೊದಲ ಮೇಯರ್. ಅಂಗಡಿ ಬೋರ್ಡುಗಳ ಮೇಲೆ ಕಾಣುವ ಖ್ಮೇರ್ ಲಿಪಿ ಪಲ್ಲವ ಲಿಪಿಯಿಂದ ಹೊರಟದ್ದು. ಚಂದ್ರವಳ್ಳಿಯ ಶಾಸನದ ಮಯೂರಶರ್ಮ ಸೆಣಸಿದ ಆ ಪಲ್ಲವರ ಅಕ್ಷರ ಎಲ್ಲಿಂದೆಲ್ಲಿಗೆ ಹೋಗಿದೆ ನೋಡಿ.

ಮೇಯರ್ ಅಧಿಕಾರ ನಮ್ಮ ಪಾಲಿಕೆಯಂತೆಯೇ?
*ಜಗಳೂರು*

ಬಹುಪಾಲು ಹಾಗೆಯೇ. 11 ಸದಸ್ಯರ ಪರಿಷತ್ತು ತನ್ನಲ್ಲೇ ಒಬ್ಬರನ್ನು ಮೇಯರ್ ಮಾಡುತ್ತದೆ. ಆಡಳಿತ ನಡೆಸುವುದು ಸಿಟಿ ಮ್ಯಾನೇಜರ್. ನಮ್ಮ ಆಯುಕ್ತರನ್ನು ಸರ್ಕಾರ ಕಳಿಸುತ್ತದೆ, ಅವರನ್ನು ಪರಿಷತ್ತೇ ನೇಮಿಸುತ್ತದೆ, ಬೇಡವಾದರೆ ತೆಗೆಯುತ್ತದೆ.

ಮಿಲ್ಲುಗಳು ಯಾಕೆ ಮುಚ್ಚಿದವು? ಮುಚ್ಚಿದ ಮೇಲೆ ಜಾಗ ಏನಾಯಿತು?
*ಮಾಜಿ ಮಿಲ್ ಕಾರ್ಮಿಕರು, ದಾವಣಗೆರೆ*

ಉಗಿಯಂತ್ರ, ಆಮೇಲೆ ವಿದ್ಯುತ್ತು ಬಂದ ಮೇಲೆ ಮಿಲ್ಲು ಜಲಪಾತದ ಪಕ್ಕವೇ ಇರಬೇಕೆಂಬ ಕಟ್ಟು ಹೋಯಿತು. ದಕ್ಷಿಣದಲ್ಲಿ ಹತ್ತಿ ಪಕ್ಕದಲ್ಲೇ, ಕೂಲಿ ಕಡಿಮೆ, ಸಂಘ ಇಲ್ಲ. ಹೊಸ ಮಿಲ್ಲುಗಳು ಹೊಸ ಯಂತ್ರಗಳೊಂದಿಗೆ ಅಲ್ಲಿ ಎದ್ದವು. ಲೊವೆಲ್‌ನ ಮಾಲೀಕರು ಬಾಸ್ಟನ್ನಿನಲ್ಲಿ ಕೂತು ಲಾಭಾಂಶ ಎತ್ತಿದರೇ ವಿನಾ ಹಳೆಯ ಮಗ್ಗ ಬದಲಿಸಲಿಲ್ಲ. 1920ರ ದಶಕದಲ್ಲಿ ಒಂದೊಂದಾಗಿ ಬೀಗ ಬಿತ್ತು. 1920ರಲ್ಲಿ 1,12,759 ಇದ್ದ ಜನಸಂಖ್ಯೆ ಇಳಿಯುತ್ತಾ ಹೋಗಿ, ಆ ಅಂಕಿಯನ್ನು ಮತ್ತೆ ದಾಟಲು ನೂರು ವರ್ಷ ಬೇಕಾಯಿತು.

ಮುಚ್ಚಿದ ಮಿಲ್ಲಿನ ಜಾಗ ಸೈಟುಗಳಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಲೊವೆಲ್ಲೂ ಮೊದಲು ಅದೇ ದಾರಿ ಹಿಡಿದಿತ್ತು. ಊರಿನ ಮೊದಲ ಮಿಲ್ಲಾದ ಮೆರಿಮ್ಯಾಕ್ ಕಂಪನಿಯ ಕಟ್ಟಡಗಳನ್ನು, 1960ರ ದಶಕದಲ್ಲಿ ಅದರ ಬೋರ್ಡಿಂಗ್ ಮನೆಗಳ ಸಾಲನ್ನು, ಫ್ರೆಂಚರ ಕೇರಿಯನ್ನು ಬುಲ್ಡೋಜರ್ ಹತ್ತಿಸಿ ನೆಲಸಮ ಮಾಡಿತು. ನಾಲೆಗಳನ್ನು ಮುಚ್ಚಿ ರಸ್ತೆ ಮಾಡುವ ಮಾತೂ ಇತ್ತು. ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣಾಧಿಕಾರಿ, ಇಡೀ ಊರೇ ಪಾಠಶಾಲೆಯಾಗಲಿ ಎಂದು ಪಟ್ಟು ಹಿಡಿದರು; ಆ ಊರಿನವರೇ ಆದ ಸಂಸದ ಪಾಲ್ ಸಾಂಗಸ್ ಮಸೂದೆ ತಂದರು. 1978ರಲ್ಲಿ ಮಿಲ್ಲು, ನಾಲೆ, ಗೇಟು ಸೇರಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಉಳಿದ ಮಿಲ್ಲುಗಳಲ್ಲಿ ಹೆಚ್ಚಿನವು ಈಗ ಬಾಡಿಗೆ ಮನೆಗಳು, ಕಚೇರಿಗಳು. ಎಲ್ಲ ಇದರಿಂದಲೇ ಸರಿಹೋಯಿತು ಎನ್ನುವಂತಿಲ್ಲ. 1976ರಲ್ಲಿ ಊರಿಗೆ ಬಂದು ಸಾವಿರಾರು ಕೆಲಸ ಕೊಟ್ಟ ವಾಂಗ್ ಕಂಪ್ಯೂಟರ್ ಕಂಪನಿ 1992ರಲ್ಲಿ ದಿವಾಳಿ ಎದ್ದಾಗ ಊರು ಇನ್ನೊಮ್ಮೆ ಮುಗ್ಗರಿಸಿತು.

ಮಗಳಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ಲಾಸ್ಟಿಕ್ಸ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಮನೆ ಹಿಡಿಯುವಾಗ ಏನು ನೋಡಬೇಕು?
*ತಂದೆ, ಹಿರಿಯೂರು*

ಆ ವಿಷಯಕ್ಕೆ ಹೆಸರಾದ ಜಾಗ. 1895ರಲ್ಲಿ ಜವಳಿ ಶಾಲೆಯಾಗಿ ಶುರುವಾದದ್ದೇ ಅದರ ಒಂದು ಬೇರು. ಎಂಜಿನಿಯರಿಂಗ್ ಇರುವುದು ಉತ್ತರದ ಕ್ಯಾಂಪಸ್ಸಿನಲ್ಲಿ, ನದಿಯ ಆಚೆ ದಂಡೆ. ಮನೆ ಹುಡುಕುವಾಗ ಸೇತುವೆ ಯಾವ ಕಡೆ ಎಂದು ಮೊದಲು ಕೇಳಿ, ಜನವರಿ ಗಾಳಿಯಲ್ಲಿ ಸೇತುವೆ ನಡೆದು ದಾಟುವುದು ಹುಡುಗಾಟವಲ್ಲ.

ಬಾಡಿಗೆಯಲ್ಲಿ ಎಡವುವುದು ಚಳಿಗೆ ಮನೆ ಬಿಸಿ ಮಾಡುವ ವ್ಯವಸ್ಥೆಯ ಖರ್ಚಿನಲ್ಲಿ. ಕರಾರಿನಲ್ಲಿ ಅದು ಯಾರ ಪಾಲು ಎಂದು ಬರೆದಿರಬೇಕು. ಹಳೆಯ ಮೂರಂತಸ್ತಿನ ಮರದ ಮನೆಗಳಲ್ಲಿ ಬಾಡಿಗೆ ಕಡಿಮೆ ಕಾಣುತ್ತದೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗ್ಯಾಸಿನ ಬಿಲ್ಲು ಅದನ್ನೆಲ್ಲ ನುಂಗುತ್ತದೆ. ಯಾರ ಖರ್ಚಿನಲ್ಲೇ ಇರಲಿ, ಸೆಪ್ಟೆಂಬರ್ ಮಧ್ಯದಿಂದ ಮೇ ಕೊನೆಯವರೆಗೆ ಮನೆಯೊಳಗೆ ಹಗಲು 20 ಡಿಗ್ರಿ ಸೆಲ್ಸಿಯಸ್, ರಾತ್ರಿ ಸುಮಾರು 18 ಡಿಗ್ರಿ ಬಿಸಿ ಬರುವಂಥ ವ್ಯವಸ್ಥೆ ಇರಬೇಕೆಂದು ಆ ರಾಜ್ಯದ ನಿಯಮ. ಮಾಲೀಕರು ಮುಂಗಡವಾಗಿ ಕೇಳಬಹುದಾದ್ದು ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳದ್ದು, ಒಂದು ತಿಂಗಳಷ್ಟು ಠೇವಣಿ ಮತ್ತು ಬೀಗ ಬದಲಿಸುವ ವೆಚ್ಚ. ನಮ್ಮಲ್ಲಿಯ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿ ಕಾನೂನುಬಾಹಿರ. ಠೇವಣಿಯನ್ನು ಬಡ್ಡಿ ಬರುವ ಪ್ರತ್ಯೇಕ ಖಾತೆಯಲ್ಲಿಟ್ಟು 30 ದಿನದೊಳಗೆ ರಸೀದಿ ಕೊಡಬೇಕು. ಮನೆಗೆ ಹೋದ ದಿನವೇ ಗೋಡೆ, ಒಲೆ, ಕಿಟಕಿಗಳ ಫೋಟೊ ತೆಗೆದಿಟ್ಟುಕೊಳ್ಳಲು ಮಗಳಿಗೆ ಹೇಳಿ. ಮನೆ ನೋಡುವ ಮುಂಚೆ ಆನ್‌ಲೈನಿನಲ್ಲಿ ದುಡ್ಡು ಕೇಳಿದವರಿಗೆ ಪೈಸೆಯೂ ಬೇಡ.

ದಪ್ಪ ಜಾಕೆಟ್ಟನ್ನು ಇಲ್ಲಿಂದ ಹೊರಿಸಬೇಡಿ, ಅಲ್ಲಿನ ಚಳಿಗೆ ತಕ್ಕದ್ದು ಅಲ್ಲೇ ಸಿಗುತ್ತದೆ. ಫೋನು ಮಾಡುವಾಗ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ನಾವು ಮುಂದೆ.

ಮಗನ ಮನೆಗೆ ಬಾಸ್ಟನ್‌ಗೆ ಹೋಗುತ್ತಿದ್ದೇವೆ. ಒಂದು ದಿನದಲ್ಲಿ ಲೊವೆಲ್ ನೋಡಿಬರಬಹುದೇ? ಆ ಮಗ್ಗಗಳು ಇನ್ನೂ ಓಡುತ್ತವೆಯೇ?
*ದಂಪತಿ, ಚಿತ್ರದುರ್ಗ*

ಧಾರಾಳವಾಗಿ. ಬಾಸ್ಟನ್ನಿನ ನಾರ್ತ್ ಸ್ಟೇಷನ್‌ನಿಂದ ಲೊವೆಲ್ ರೈಲು, ಮುಕ್ಕಾಲು ಗಂಟೆಯ ಹಾದಿ. ಸೌತ್ ಸ್ಟೇಷನ್‌ಗೆ ಹೋಗಿ ಕಾಯಬೇಡಿ, ಹೊಸಬರು ಎಡವುವುದು ಅಲ್ಲೇ. ಇಳಿದ ಮೇಲೆ ಊರಿನ ನಡುವಿಗೆ ಇಪ್ಪತ್ತು ನಿಮಿಷದ ನಡಿಗೆ, ಬಸ್ಸೂ ಉಂಟು. ಮೊದಲು ಮಾರ್ಕೆಟ್ ಸ್ಟ್ರೀಟಿನ ಸಂದರ್ಶಕರ ಕೇಂದ್ರದಲ್ಲಿ ನಕ್ಷೆ ತೆಗೆದುಕೊಳ್ಳಿ. ನಾಲೆಯ ದೋಣಿ ಸವಾರಿ ಬೇಸಿಗೆಯಲ್ಲಿ ಮಾತ್ರ. ಜುಲೈ ಕೊನೆಯ ವಾರಾಂತ್ಯದ ಜಾನಪದ ಹಬ್ಬಕ್ಕೆ ಹೊಂದಿಸಿಕೊಂಡರೆ ಊರು ತುಂಬಿರುತ್ತದೆ, ಗ್ರೀಕ್, ಕಾಂಬೋಡಿಯನ್ ಅಡುಗೆ ಬೀದಿಯಲ್ಲೇ ಸಿಗುತ್ತದೆ. ಸಸ್ಯಾಹಾರಿಗಳಾದರೆ ಮೀನಿನ ಸಾರ ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಿ.

ಬೂಟ್ ಹತ್ತಿ ಮಿಲ್ಲಿನ ನೆಲ ಅಂತಸ್ತಿನಲ್ಲಿ 88 ಮಗ್ಗಗಳಿವೆ. ಒಮ್ಮೆಗೆ ಓಡಿಸುವುದು ಕೆಲವನ್ನೇ, ಅಷ್ಟಕ್ಕೇ ಮಾತು ಕೇಳಿಸುವುದಿಲ್ಲ. ಬಾಗಿಲಲ್ಲಿ ಕಿವಿಗೆ ಬೆಂಡು ಕೊಡುತ್ತಾರೆ, ಬೇಡ ಅನ್ನಬೇಡಿ. ಒಂದು ಕ್ಷಣ ಅಂಗೈಯನ್ನು ಕಂಬದ ಮೇಲಿಟ್ಟು ನೋಡಿ, ಮರವೆಲ್ಲ ನಡುಗುವುದು ತಿಳಿಯುತ್ತದೆ. ಮಗ್ಗಗಳು ಇಪ್ಪತ್ತನೇ ಶತಮಾನದ ಡ್ರೇಪರ್ ಕಂಪನಿಯವು, ಈಗ ತಿರುಗುವುದು ಕರೆಂಟಿನಿಂದ. ನೇಯ್ದ ಬಟ್ಟೆಯನ್ನು ಬಿಸಾಡುವುದಿಲ್ಲ. ಅಡುಗೆಮನೆಯ ಟವೆಲ್ಲು ಮಾಡಿ ಅಲ್ಲಿನ ಅಂಗಡಿಯಲ್ಲಿ ಮಾರುತ್ತಾರೆ.